ತೊಚಿಸಾವದ ಹನ್ನೆರಡನೆಯ ಜಾಗ

ತೊಚಿಸಾವದಲ್ಲಿ ಹುಟ್ಟಿದ ಕೂಸು ನಡೆಯುವ ಮೊದಲು ಹಿಮದ ಮೇಲೆ ಜಾರುವುದನ್ನು ಕಲಿಯುತ್ತದೆ ಎಂದು ಕಣಿವೆಯಾಚೆಯ ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಅವರ ಶಾಲೆಯ ಗೋಡೆಯ ಮೇಲಿರುವುದು ಒಂದು ಗಡಿಯಾರ ಮಾತ್ರ, ಅದೂ ಹಿಂದೆ ಓಡುತ್ತದೆ. ನಮ್ಮ ಶಾಲೆಯ ವ್ಯಾಯಾಮದ ಹಜಾರದ ಬಾಗಿಲ ಮೇಲೆ, ಸ್ಕೀ ಪಂದ್ಯಗಳಲ್ಲಿ ದೇಶಮಟ್ಟದಲ್ಲಿ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಮರದ ಹೆಸರುಹಲಗೆಗಳು ಸಾಲಾಗಿ ತೂಗುತ್ತವೆ. ಊರಲ್ಲಿರುವುದು ಹಿಡಿಯಷ್ಟು ಮನೆ, ಹಲಗೆಗಳಿಗೆ ಮಾತ್ರ ಗೋಡೆ ಸಾಲದು. ಆ ಸಾಲಿನ ನಡುವೆ ಎರಡು ಹಲಗೆಗಳು ಅಕ್ಕಪಕ್ಕ ಇವೆ. ಒಂದರ ಮೇಲೆ ಮಿಸುಜು ಎಂದಿದೆ, ಇನ್ನೊಂದರ ಮೇಲೆ ಇಕುಯೊ ಎಂದಿದೆ. ಮಿಸುಜು ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಇಕುಯೊ ಅದೇ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬೇಯಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡಿದ್ದಾಳೆ. ಇಷ್ಟು ವರ್ಷದಲ್ಲಿ ಆ ಬಾಗಿಲಿನ ಕೆಳಗೆ ಅವಳು ಒಮ್ಮೆಯೂ ಹಾಯ್ದಿಲ್ಲ. ಸೌದೆಮನೆಯ ಕಡೆಯ ಹಿಂಬಾಗಿಲಲ್ಲಿ ಬಂದು ಹಿಂಬಾಗಿಲಲ್ಲೇ ಹೋಗುತ್ತಾಳೆ.

ಅವಳಿಗೆ ಇನ್ನೊಂದು ಚಾಳಿ ಇದೆ. ಬಟ್ಟಲು ಎಣಿಸುವಾಗ ಹತ್ತು, ಹನ್ನೊಂದು, ಹದಿಮೂರು ಎಂದು ಎಣಿಸುತ್ತಾಳೆ. ಕೊನೆಯಲ್ಲಿ ಒಂದನ್ನು ಕಳೆದು ಲೆಕ್ಕ ಸರಿಮಾಡಿಕೊಳ್ಳುತ್ತಾಳೆ. ಮಕ್ಕಳು ನಗುತ್ತವೆ.

"ಇಕುಯೊ ಅತ್ತೆ, ಹನ್ನೆರಡು ಎಲ್ಲಿ ಹೋಯ್ತು?"

"ನಿಮ್ಮಪ್ಪ ತಿಂದ. ಹೋಗಿ ಕೈ ತೊಳ್ಕೊಂಡು ಬನ್ನಿ."

ಬಾಯಿ ಅಷ್ಟು ಜೋರು. ಆದರೆ ಹನ್ನೊಂದಾದ ಮೇಲೆ ಅವಳು ಬಟ್ಟಲನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುವುದನ್ನು ನಾವು ದೊಡ್ಡವರು ನೋಡಿದ್ದೇವೆ. ನೋಡಿ, ಪಾಪ, ಗೆಳತಿಯ ನೆನಪು ಎಂದುಕೊಂಡಿದ್ದೇವೆ. ಗೆಳತಿಯ ನೆನಪೇನೋ ಹೌದು. ಆದರೆ ಬರೀ ನೆನಪು ಯಾರನ್ನೂ ಹಾಗೆ ಹಿಂಡುವುದಿಲ್ಲ.

ಊರಿನ ಪದ್ಧತಿ ಹೇಳದೆ ಅವಳ ಕಥೆ ಹೇಳುವಂತಿಲ್ಲ. ಶಾಲೆಯ ಸ್ಕೀ ಪಂದ್ಯದ ಹಿಂದಿನ ದಿನ ಶಾಲೆಯ ಹಿಂದಿನ ಇಳಿಜಾರನ್ನು ಊರೆಲ್ಲ ಸೇರಿ ತುಳಿಯಬೇಕು. ಹಿಮ ತುಳಿಯುವ ಯಂತ್ರ ಬಂದ ಮೇಲೂ ಇದನ್ನು ಬಿಟ್ಟಿಲ್ಲ. ಗೆದ್ದು ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳಂತೂ ಎಲ್ಲಿದ್ದರೂ ಬರಬೇಕು. ಗೆದ್ದವರಿಗೆ ಕೊಂಬು ಮೂಡಬಾರದು ಎಂದು ಹಿರಿಯರು ಮಾಡಿಟ್ಟ ಕಟ್ಟಳೆ ಅದು. ತುದಿಯಲ್ಲಿ ಒಂದೇ ಸಾಲಾಗಿ ನಿಂತು, ಸ್ಕೀ ಅಡ್ಡ ಇಟ್ಟು, ಹೆಜ್ಜೆ ಹೆಜ್ಜೆಯಾಗಿ ತುಳಿಯುತ್ತ ಬುಡಕ್ಕೆ ಇಳಿಯುವುದು. ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಸಾಯುವ ತನಕ ಅದೇ ಜಾಗ. ಬುಡ ಮುಟ್ಟಿದ ಮೇಲೆ ಮುಂದಾಳು "ಎಣಿಕೆ!" ಎಂದು ಕೂಗುತ್ತಾನೆ. ಎಡದಿಂದ ಒಬ್ಬೊಬ್ಬರೇ ತಮ್ಮ ಸಂಖ್ಯೆ ಕೂಗಬೇಕು. ಒಂದು ಸಂಖ್ಯೆ ಬರಲಿಲ್ಲವೋ, ಯಾರೂ ಸಾರಿನ ಬಟ್ಟಲು ಮುಟ್ಟುವಂತಿಲ್ಲ, ಎಲ್ಲರೂ ಮತ್ತೆ ಮೇಲೆ ಹತ್ತಬೇಕು. ಬೆಟ್ಟದ ಹಿಮವನ್ನು ನಂಬಿ ಬದುಕುವವರು ಅದನ್ನು ಅಷ್ಟು ಮಾತ್ರ ನಂಬಬೇಕು.

ಹನ್ನೆರಡನೆಯ ಜಾಗ ಮಿಸುಜುವಿನದು, ಹದಿಮೂರನೆಯದು ಇಕುಯೊವಿನದು. ಒಂದೇ ಬೀದಿ, ಒಂದೇ ತರಗತಿ, ಒಂದೇ ಮೊಂಡಾಟ. ಬಿದಿರು ಕಂಬಗಳ ನಡುವೆ ಜಾರುವ ಓಟದಲ್ಲಿ ಮಿಸುಜು ಯಾವಾಗಲೂ ಮೊದಲು, ಇಕುಯೊ ಯಾವಾಗಲೂ ಅವಳ ಬೆನ್ನಿಗೆ. ಶಾಲೆ ಬಿಟ್ಟ ಮೇಲೆ ಮಿಸುಜು ದೇಶದ ತಂಡದ ಬಾಗಿಲಿಗೆ ಹೋಗಿ ನಿಂತಳು, ಅವಳ ಹಲಗೆ ಗೋಡೆ ಏರಿತು. ಆ ವರ್ಷ ರಾಷ್ಟ್ರೀಯ ಪಂದ್ಯಕ್ಕೆ ಹೊರಡುವ ಮೊದಲು, ಕಟ್ಟಳೆಯಂತೆ, ಇಳಿಜಾರು ತುಳಿಯಲು ಊರಿಗೆ ಬಂದಳು.

ಅಂದು ಹಿಮ ಎಷ್ಟು ದಟ್ಟವಾಗಿ ಸುರಿಯುತ್ತಿತ್ತೆಂದರೆ ಪಕ್ಕದವರ ಮುಖ ಕಾಣುತ್ತಿರಲಿಲ್ಲ. ಎಲ್ಲರೂ ಮುಸುಕು ಎಳೆದುಕೊಂಡು ತಮ್ಮ ತಮ್ಮ ಸ್ಕೀ ತುದಿ ನೋಡುತ್ತ ತುಳಿಯುತ್ತಿದ್ದರು. ಅರ್ಧ ಇಳಿಜಾರು ಮುಗಿದು, ದೇವದಾರು ಮರಗಳ ಹತ್ತಿರ ಸಾಲು ಉಸಿರು ಬಿಡಲು ನಿಂತಾಗ ಮಿಸುಜು ಮೊಣಕೈಯಲ್ಲಿ ತಿವಿದಳು.

"ಇಕು, ಕೆಳಗೆ ಎಣಿಕೇಲಿ ನನ್ನದೂ ಕೂಗಿಬಿಡೆ."

"ಯಾಕೆ, ನಿನ್ನ ಗಂಟಲಿಗೆ ಏನ್ ಬಡೀತು?"

"ಆ ಮೇಲಿನ ಕೊರಕಲು ನೋಡು. ಒಬ್ಬರೂ ಕಾಲಿಟ್ಟಿಲ್ಲ. ನಾಡಿದ್ದು ಹೋದ್ಮೇಲೆ ಆ ಕೋಚ್ ಮಹಾಶಯ ಕಂಬದ ಮಧ್ಯೆ ಬಿಟ್ಟು ಬೇರೆಲ್ಲೂ ಜಾರೋಕೆ ಬಿಡಲ್ಲ. ಒಂದೇ ಒಂದು ಸಲ ಕಣೆ."

"ಮುಂದಾಳು ಗೊಹೆ ಮಾವನಿಗೆ ಗೊತ್ತಾದ್ರೆ ಸೌದೆ ಹಿಡ್ಕೊಂಡು ಅಟ್ಟಿಸ್ಕೊಂಡು ಬರ್ತಾನೆ."

"ಗೊತ್ತಾಗದ ಹಾಗೆ ಕೂಗು. ಶಾಲೇಲಿ ನಿನ್ನ ಹಾಜರಿ ನಾನು ಎಷ್ಟು ಸಲ ಕೂಗಿಲ್ಲ? ನಿನ್ನ ಸಾರು ಆರೋದ್ರೊಳಗೆ ಬಂದಿರ್ತೀನಿ."

ಮರಗಳ ಹಿಂದೆ ನುಸುಳಿ ಅವಳು ಹೋಗೇಬಿಟ್ಟಳು. ಹನ್ನೊಂದನೆಯ ಜಾಗದಲ್ಲಿದ್ದ ತೋಫು ಅಂಗಡಿಯ ಮುದುಕ ತನ್ನ ಬೆನ್ನುನೋವಿನ ಲೋಕದಲ್ಲಿದ್ದ. ಇಕುಯೊ ತನ್ನ ಪಾಲಿನ ಹಿಮದ ಪಟ್ಟಿಯ ಜೊತೆಗೆ ಗೆಳತಿಯ ಪಟ್ಟಿಯನ್ನೂ ತುಳಿಯುತ್ತ, ಏದುಸಿರು ಬಿಡುತ್ತ, ಮನಸ್ಸಿನಲ್ಲೇ ಬೈಯುತ್ತ ಇಳಿದಳು. ಬುಡ ಇನ್ನೂ ಸ್ವಲ್ಪ ದೂರವಿದ್ದಾಗ ಮೇಲೆಲ್ಲೋ ದೊಪ್ ಎಂದಿತು. ಅಕ್ಕಿ ಮೂಟೆಯೊಂದನ್ನು ಅಟ್ಟದಿಂದ ಕೆಳಗೆ ಹಾಕಿದರೆ ಹೇಗೋ ಹಾಗೆ. ಸಾಲು ನಿಂತಿತು. ಮುಂದಾಳು ಗೊಹೆ ಕೂಗಿದ: "ಎಲ್ಲೋ ಹಿಮ ಕುಸೀತು. ಬೇಗ ಇಳೀರಿ, ಎಣಿಕೆ ಮಾಡೋಣ."

ಇಕುಯೊ ತಿರುಗಿ ನೋಡಿದಳು. ಬಿಳುಪು ಬಿಟ್ಟರೆ ಏನೂ ಇಲ್ಲ. ದೇಶದಲ್ಲೇ ವೇಗದ ಹುಡುಗಿ ಅವಳು, ಹಿಮ ಅವಳನ್ನು ಹಿಡಿಯುವುದುಂಟೇ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಿತ್ತು, ಅದಕ್ಕೇ ಹಾಗೆ ಅಂದುಕೊಂಡಳು.

"ಎಣಿಕೆ!"

ಎಡದಿಂದ ಸಂಖ್ಯೆಗಳು ಓಡಿಬಂದವು. ತೋಫು ಮುದುಕ "ಹನ್ನೊಂದು" ಎಂದ. ಒಂದು ಉಸಿರಿನಷ್ಟು ಹೊತ್ತು ಹಿಮ ಸುರಿಯುವ ಸದ್ದು ಮಾತ್ರ ಇತ್ತು. ಆ ಒಂದು ಉಸಿರಿನಲ್ಲಿ ಅವಳು ಬೇರೆ ಏನನ್ನಾದರೂ ಹೇಳಬಹುದಿತ್ತು. ಗೆಳತಿ ಕೇಳಿಕೊಂಡಿದ್ದಳಲ್ಲ, ಇವಳು ಮುಖ ತಿರುಗಿಸಿಕೊಂಡು, ಮಿಸುಜು ಕೂಗುವ ಹಾಗೆ ಕೊನೆಯನ್ನು ಎಳೆದು, ನಗು ಬೆರೆಸಿ "ಹನ್ನೆರಡೂ!" ಎಂದಳು. ಆಮೇಲೆ ತನ್ನ ದನಿಯಲ್ಲಿ "ಹದಿಮೂರು" ಎಂದಳು. ಸಾರಿನ ಹಂಡೆಯ ಮುಂದೆ ನಿಂತಿದ್ದ ಮಿಸುಜುವಿನ ತಾಯಿ ತಾಕೆನೊ ತಲೆಯೆತ್ತಿ ಒಮ್ಮೆ ಸಾಲಿನ ಕಡೆ ನೋಡಿ, ಮತ್ತೆ ಸೌಟು ಹಿಡಿದಳು. ಎಣಿಕೆ ಕೊನೆಯವರೆಗೂ ಸರಿಯಾಗಿ ಹೋಯಿತು.

"ನಮ್ಮೋರೆಲ್ಲ ಕೆಳಗಿದ್ದಾರೆ. ಕುಸಿದ್ರೆ ಕುಸೀಲಿ ಬಿಡ್ರೋ, ಸಾರು ಕುಡೀರಿ," ಎಂದ ಗೊಹೆ.

ಮೂಲಂಗಿ, ಹಂದಿಮಾಂಸ ಹಾಕಿದ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರು. ಎಲ್ಲರೂ ಕುಡಿದರು. ಇಕುಯೊ ಬಟ್ಟಲು ಹಿಡಿದುಕೊಂಡು ಮರಗಳ ಕಡೆ ನೋಡುತ್ತಲೇ ಇದ್ದಳು. ಸಾರು ಆರಿತು. ಮೇಲೆ ತೆಳ್ಳಗೆ ಕೊಬ್ಬು ಕಟ್ಟಿತು. ಆಗ ಅವಳು ಬಟ್ಟಲು ಬಿಸಾಡಿ "ಮೇಲೆ! ಮಿಸುಜು ಮೇಲಿನ ಕೊರಕಲಲ್ಲಿ!" ಎಂದು ಕಿರುಚಿದಳು. ಕೆಳಗಿದ್ದವಳು ಮೇಲೆ ಹೇಗೆ ಹೋದಳು ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ, ಸಲಿಕೆ ಹಿಡಿದು ಓಡಿದರು. ಕತ್ತಲಾಯಿತು. ಮಿಸುಜು ಸಿಕ್ಕಿದ್ದು ಮಾರನೆಯ ಬೆಳಿಗ್ಗೆ.

ಕೇಳುವ ಪುರುಸೊತ್ತು ಸಿಕ್ಕಿದ್ದು ಶವದ ಮುಂದೆ ಕೂತಾಗ. ಹಿಮ ಕುಸಿದದ್ದು ಮೊದಲು, ಎಣಿಕೆ ಆಮೇಲೆ. ಹಾಗಾದರೆ ಹನ್ನೆರಡು ಎಂದವರು ಯಾರು? ಎಲ್ಲರೂ ಕೇಳಿದ್ದಾರೆ. ತೋಫು ಮುದುಕ ಕಿವಿಯ ಪಕ್ಕದಲ್ಲೇ ಕೇಳಿದ್ದೇನೆ ಎಂದು ಆಣೆ ಇಟ್ಟ. ಇಕುಯೊ ಬಾಯಿ ತೆರೆದಳು. ಅಷ್ಟರಲ್ಲಿ ತಾಕೆನೊ ನೇರ ಇಕುಯೊವನ್ನೇ ನೋಡುತ್ತ ಹೇಳಿದಳು:

"ನನ್ನ ಮಗಳೇ ಕೂಗಿದ್ದು. ಪ್ರಾಣ ಹೋದ್ಮೇಲೂ ಹೇಳಿ ಹೋಗೋಕೆ ಬಂದಿದ್ಲು."

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಮಗಳನ್ನು ಕಳೆದುಕೊಂಡ ತಾಯಿಗೆ ಉಳಿದಿದ್ದ ಒಂದೇ ಒಂದು ಹುಲ್ಲುಕಡ್ಡಿ ಅದು. ಅದನ್ನು ಕಿತ್ತುಕೊಳ್ಳುವ ಎದೆ ಯಾರಿಗಿದೆ? ಇಕುಯೊಗಂತೂ ಇರಲಿಲ್ಲ. ತಾಯಿಗಾಗಿ ಸುಮ್ಮನಾದೆ ಎಂದು ಅವಳು ಮೊದಮೊದಲು ತನಗೆ ತಾನೇ ಹೇಳಿಕೊಂಡಳು. ತನಗಾಗಿಯೂ ಸುಮ್ಮನಾಗಿದ್ದಳು ಎಂಬುದು ಅವಳಿಗೆ ಗೊತ್ತಿತ್ತು.

ರಾಷ್ಟ್ರೀಯ ಪಂದ್ಯಕ್ಕೆ ಮಿಸುಜುವಿನ ಬದಲು ಇಕುಯೊ ಹೋಗಬೇಕಾಯಿತು. ಮೂರನೆಯವಳಾಗಿ ಬಂದಳು. ಕಂಬ ಕಂಬಕ್ಕೂ ಮುಂದೆ ಯಾರೋ ಜಾರುತ್ತಿದ್ದಾರೆ, ತಾನು ಎಂದಿನಂತೆ ಅವಳ ಬೆನ್ನಿಗಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಗುರಿ ಮುಟ್ಟಿದಾಗ ಮುಂದೆ ಯಾರೂ ಇರಲಿಲ್ಲ. ಅಲ್ಲೇ ಕೂತು ಸ್ಕೀ ಬಿಚ್ಚಿಟ್ಟಳು. ಊರು ಮಾತ್ರ, ಮಿಸುಜುವೇ ಹೊತ್ತುಕೊಂಡು ಹೋದಳು ಎಂದು ಸಂಭ್ರಮಿಸಿ ಅವಳ ಹಲಗೆಯನ್ನು ಸತ್ತವಳ ಹಲಗೆಯ ಪಕ್ಕ ತೂಗುಹಾಕಿತು. ಇಕುಯೊ ಆಮೇಲೆ ಯಾವ ಪಂದ್ಯಕ್ಕೂ ಹೋಗಲಿಲ್ಲ. ಮರ ಕೊಯ್ಯುವ ಕಾರ್ಖಾನೆಯ ಹುಡುಗನೊಬ್ಬ ಮದುವೆಯಾಗುತ್ತೇನೆಂದು ಎರಡು ಚಳಿಗಾಲ ಅವಳ ಮನೆಯ ಮಾಡಿನ ಹಿಮ ಎಳೆದುಹಾಕಿದ. ಒಳ್ಳೆಯ ಹುಡುಗ. ಒಲ್ಲೆ ಎಂದಳು. ಪಕ್ಕದಲ್ಲಿ ಮಲಗಿದವನಿಗೆ ಕೇಳುವಂತೆ ನಿದ್ದೆಯಲ್ಲಿ ತಾನು ಏನು ಕೂಗಿಬಿಡುತ್ತೇನೋ ಎಂಬ ಹೆದರಿಕೆ ಅವಳಿಗೆ.

ಇತ್ತ ಕಥೆ ಬೇರು ಬಿಟ್ಟಿತು. ಹನ್ನೆರಡನೆಯ ಜಾಗವನ್ನು ಖಾಲಿ ಬಿಡುವುದು ಪದ್ಧತಿಯಾಯಿತು. ಎಣಿಕೆಯಲ್ಲಿ ಹನ್ನೊಂದಾದ ಮೇಲೆ ಒಂದು ಉಸಿರು ಸುಮ್ಮನಿದ್ದು ಆಮೇಲೆ ಹದಿಮೂರು. ಆ ಮೌನದಲ್ಲಿ ಮಿಸುಜು ಉತ್ತರಿಸುತ್ತಾಳೆ, ಕೇಳಿಸಿಕೊಂಡವರು ಗೆಲ್ಲುತ್ತಾರೆ ಎಂದಾಯಿತು. ಕೇಳಿಸಿತು ಎಂದವರು ಗೆದ್ದರು. ಕೇಳಿಸಲಿಲ್ಲ ಎಂದವರೂ ಗೆದ್ದ ಮೇಲೆ ಕೇಳಿಸಿತ್ತು ಎಂದರು. ಗೆದ್ದ ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯೂ ಮೊದಲ ಪದಕವನ್ನು ತಾಕೆನೊ ಮನೆಯ ಬುದ್ಧನ ಗೂಡಿನಲ್ಲಿ, ಮಿಸುಜು ಚಿತ್ರದ ಮುಂದೆ ಒಂದು ರಾತ್ರಿ ಇಟ್ಟು ತೆಗೆದುಕೊಂಡು ಹೋಗುವುದು ರೂಢಿಯಾಯಿತು. ಸತ್ತವಳು ಊರಿಗೆ ದೇವತೆಯಾದಳು. ಬದುಕಿದ್ದವಳೊಬ್ಬಳಿಗೆ ಮಾತ್ರ ಅವಳು ಹತ್ತೊಂಬತ್ತರ ಹುಡುಗಿಯಾಗಿಯೇ ಉಳಿದಳು.

ಎಲ್ಲರೂ ಬಿಟ್ಟ ಆ ಪಟ್ಟಿಯ ಹಿಮ ಮೆತ್ತಗೆ ಉಳಿದರೆ ಮರುದಿನ ಮಕ್ಕಳು ಬೀಳುತ್ತವೆ. ಹಾಗಾಗಿ ಎಣಿಕೆ ಮುಗಿದು ಜನ ಸಾರಿನ ಕಡೆ ಹೋದ ಮೇಲೆ ಇಕುಯೊ ಕಂಬ ನೋಡಿಬರುವ ನೆಪದಲ್ಲಿ ಮೇಲೆ ಹತ್ತಿ ಹನ್ನೆರಡನೆಯ ಪಟ್ಟಿಯನ್ನು ಒಬ್ಬಳೇ ತುಳಿಯುತ್ತಾಳೆ. ಬೆಳಿಗ್ಗೆ ಪಟ್ಟಿ ಗಟ್ಟಿಯಾಗಿರುತ್ತದೆ. ನೋಡಿ, ಮಿಸುಜು ಬಂದು ತುಳಿದಿದ್ದಾಳೆ ಎಂದು ಜನ ಕೈ ಮುಗಿಯುತ್ತಾರೆ. ಗೊತ್ತಿದ್ದವರೂ ಗೊತ್ತಿಲ್ಲದವರ ಹಾಗಿರುತ್ತಾರೆ. ಮಿಸುಜು ಸತ್ತ ದಿನದಿಂದ ಇಕುಯೊ ಆ ಸಾರನ್ನು ಬಾಯಿಗೆ ಇಟ್ಟಿಲ್ಲ.

ತಾಕೆನೊವನ್ನು ಮಗಳ ಸ್ಥಾನದಲ್ಲಿ ನಿಂತು ನೋಡಿಕೊಂಡವಳೂ ಅವಳೇ. ಮಾಡಿನ ಹಿಮ ಎಳೆಯುವುದು, ಉಪ್ಪಿನಲ್ಲಿ ನೆನೆಹಾಕಿದ ಎಲೆಕೋಸು ಕೊಟ್ಟುಬರುವುದು, ಸಂಜೆ ಅಡಿಯಲ್ಲಿ ಕಾವಿರುವ ಕೊತಾತ್ಸು ಮೇಜಿನ ಕಂಬಳಿಯೊಳಗೆ ಇಬ್ಬರೂ ಕಾಲು ಚಾಚಿ ಕಿತ್ತಳೆ ಸುಲಿಯುವುದು. ಹೇಳಿಬಿಡಲೇ ಎಂದು ಪ್ರತಿ ಸಂಜೆಯೂ ಅನ್ನಿಸುತ್ತಿತ್ತು. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ತಾಕೆನೊ ಕೂಡ ಒಮ್ಮೊಮ್ಮೆ ಸುಲಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದಳು. ಆಮೇಲೆ "ಈ ಸಲ ಹುಳಿ ಜಾಸ್ತಿ" ಎನ್ನುತ್ತಿದ್ದಳು.

ಹೋದ ಚಳಿಗಾಲ ಕೊಹಾನೆ ಬಂದಳು. ನಮ್ಮ ಶಾಲೆಯಲ್ಲಿ ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಹುಡುಗಿ, ಈಗ ಯುರೋಪಿನ ಬೆಟ್ಟಗಳಲ್ಲಿ ಗೆದ್ದು ಹೆಸರಾದವಳು. ಪದಕವನ್ನು ಚಿತ್ರದ ಮುಂದೆ ಇಟ್ಟು ಗಂಟೆ ಬಾರಿಸಿ ಕೈ ಮುಗಿದಳು. ತೊಂಬತ್ತು ದಾಟಿದ ತಾಕೆನೊ ಪದಕ ಮುಟ್ಟಿ ನೋಡಿ ಇದ್ದಕ್ಕಿದ್ದಂತೆ ಹೇಳಿದಳು:

"ನಾಳೆ ನಾನೂ ಇಳಿಜಾರಿಗೆ ಬರ್ತೀನಿ. ಅವತ್ತಿಂದ ಆ ಕಡೆ ತಲೆ ಹಾಕಿಲ್ಲ. ಸಾಯೋ ಮುಂಚೆ ಒಂದು ಸಲ ಹನ್ನೆರಡು ಅನ್ನೋದು ಕೇಳಬೇಕು."

"ಬಾ ಅಜ್ಜಿ! ಜಾರುಬಂಡೀಲಿ ಕೂರಿಸಿ ನಾನೇ ಎಳೀತೀನಿ. ನಾನು ಬೀಳಿಸಿದ್ರೆ ಪದಕ ನೀನೇ ಇಟ್ಕೋ."

"ಪದಕ ಯಾರಿಗೆ ಬೇಕೇ, ಸೊಂಟ ಮುರಿದ್ರೆ ಹೊಸದು ತಂದ್ಕೊಡ್ತೀಯಾ?"

ಕೊಹಾನೆ ನಕ್ಕಳು. ಮೂಲೆಯಲ್ಲಿ ಚಹಾ ಸುರಿಯುತ್ತಿದ್ದ ಇಕುಯೊಗೆ ನಗು ಬರಲಿಲ್ಲ. ಮುದುಕಿ ಬುಡದಲ್ಲಿ ಕೂತು ಕಿವಿಗೊಡುತ್ತಾಳೆ. ಏನೂ ಕೇಳಿಸುವುದಿಲ್ಲ. ನನ್ನ ಮಗಳು ನನಗೆ ಉತ್ತರಿಸಲಿಲ್ಲ ಎಂದುಕೊಂಡು ಸಾಯುತ್ತಾಳೆ. ಹಾಗಾಗಬಾರದೆಂದರೆ ಯಾರಾದರೂ ಕೂಗಬೇಕು. ಕೂಗಲು ಬರುವುದು ಒಬ್ಬಳಿಗೇ. ಒಮ್ಮೆ ಕೂಗಿ ಒಬ್ಬಳನ್ನು ಕೊಂದೆ, ಇನ್ನೊಮ್ಮೆ ಕೂಗಿ ಇನ್ನೊಬ್ಬಳನ್ನು ಬದುಕಿಸಲೇ? ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ.

ಮರುದಿನವೂ ಹಿಮ ಸುರಿಯುತ್ತಿತ್ತು. ಸಾಲು ತುಳಿಯುತ್ತ ಇಳಿಯಿತು. ಇಕುಯೊವಿನ ಎಡಕ್ಕೆ ಒಬ್ಬರಷ್ಟು ಅಗಲದ ಖಾಲಿ ಜಾಗ ಅವಳ ಜೊತೆಗೇ ಇಳಿಯಿತು. ಅವಳು ಆ ಕಡೆ ನೋಡಲಿಲ್ಲ. ನೋಡದಿದ್ದರೂ ಅಲ್ಲಿ ಹೆಜ್ಜೆ ತುಳಿಯುವ ಸದ್ದು ಕೇಳುತ್ತಿತ್ತು, ಎಂದಿನಂತೆ. ಬುಡದಲ್ಲಿ ಕಂಬಳಿ ಹೊದ್ದ ತಾಕೆನೊ ಜಾರುಬಂಡಿಯ ಮೇಲೆ ಕೂತಿದ್ದಳು, ಸಾರಿನ ಹಂಡೆಯ ಪಕ್ಕದಲ್ಲಿ. ಗೊಹೆಯ ಮಗ ಈಗ ಮುಂದಾಳು. ಅಪ್ಪನ ದನಿಯೇ.

"ಎಣಿಕೆ!"

ಒಂದು, ಎರಡು, ಮೂರು. ತೋಫು ಮುದುಕನ ಮೊಮ್ಮಗ "ಹನ್ನೊಂದು" ಎಂದ. ಎಲ್ಲರೂ ಸುಮ್ಮನಾದರು. ಇಕುಯೊ ಬಾಯಿ ತೆರೆದಳು. ದನಿ ಹೊರಡಲಿಲ್ಲ.

"ಹನ್ನೆರಡೂ!"

ಕೊನೆಯನ್ನು ಎಳೆದು, ನಗು ಬೆರೆಸಿ, ಮಿಸುಜುವಿನ ದನಿ. ಒಡೆದಿತ್ತು, ಸಣ್ಣಗಾಗಿತ್ತು, ಆದರೆ ಅವಳದೇ. ಒಬ್ಬ ಹುಡುಗಿ ಅಳಲು ಶುರುಮಾಡಿದಳು. ಇಕುಯೊ ದನಿ ಬಂದ ಕಡೆ ತಿರುಗಿ ನೋಡಿದಳು. ಜಾರುಬಂಡಿಯ ಮೇಲೆ ತಾಕೆನೊ ಬಾಯಿಗೆ ಅಡ್ಡವಾಗಿದ್ದ ಕಂಬಳಿಯನ್ನು ಕೆಳಗೆಳೆದುಕೊಂಡು ಅವಳನ್ನೇ ನೋಡುತ್ತಿದ್ದಳು, ಶವದ ಮುಂದೆ ಅಂದು ನೋಡಿದ ಹಾಗೆ.

"ನಾನೇ ಕೂಗಿದ್ದು," ಎಂದಳು ಮುದುಕಿ ಎಲ್ಲರಿಗೂ ಕೇಳುವಂತೆ. "ಏನ್ ಹಾಗೆ ನೋಡ್ತೀರಿ? ಮಗಳಿಗೆ ಆ ದನಿ ನನ್ನಿಂದಲೇ ಬಂದಿದ್ದು. ಎಣಿಕೆ ನಿಂತಿದೆ, ಹೇಳೇ ಇಕು."

"ಹದಿಮೂರು," ಎಂದಳು ಇಕುಯೊ. ಎಣಿಕೆ ಮುಂದೆ ಹೋಯಿತು.

ಜನ ಗುಸುಗುಸು ಎನ್ನುತ್ತ ಹಂಡೆಯ ಸುತ್ತ ಸೇರಿದಾಗ ಅವಳು ಜಾರುಬಂಡಿಯ ಪಕ್ಕ ಮೊಣಕಾಲೂರಿದಳು.

"ಚಿಕ್ಕಮ್ಮ, ಅವತ್ತು..."

"ನೀನು ಕೂಗಿದ್ದೆ. ಗೊತ್ತು."

"ಯಾವಾಗಿಂದ?"

"ಕೂಗಿದಾಗಿಂದ. ಹೆತ್ತವಳಿಗೆ ಮಗಳ ದನಿ ಗೊತ್ತಾಗಲ್ವಾ? ನೀನು ಕೂಗಿದ್ದು ಕೇಳಿ ನಕ್ಕೆ ಕಣೆ ನಾನು. ಮೇಲೆ ದೊಪ್ ಅಂದಿದ್ದೂ ಕೇಳಿತ್ತು. ಯಾವನ ಜೊತೆಗೋ ಮರದ ಹಿಂದೆ ಮಾತಾಡ್ತಾ ನಿಂತಿದ್ದಾಳೆ, ಗೊಹೆಗೆ ಗೊತ್ತಾದ್ರೆ ಬೈತಾನೆ ಅಂತ ಸುಮ್ನಾದೆ. ಅವಳ ಬಟ್ಟಲಿಗೆ ಸಾರು ಹಾಕಿ, ಆರದಿರಲಿ ಅಂತ ತಟ್ಟೆ ಮುಚ್ಚಿಟ್ಟೆ. ಅದು ಅವಳಲ್ಲ ಅಂತ ನಾನು ಒಂದು ಮಾತು ಅಂದಿದ್ರೆ ಬೆಳಕಿರೋವಾಗಲೇ ಅಗೀತಿದ್ರು."

"ಮತ್ತೆ ಅವಳೇ ಕೂಗಿದ್ದು ಅಂತ ಯಾಕೆ..."

"ನಿನ್ನ ಬಾಯಿ ತೆರೀತಾ ಇತ್ತು. ನೀನು ಹೇಳಿದ್ರೆ ಊರು ನಿನ್ನ ಹರಿದು ತಿಂತಿತ್ತು. ಆಮೇಲೆ ನನ್ನ ಕಡೆ ತಿರುಗಿ, ತಾಯಿ ನೀನು, ನಿನಗೆ ಗೊತ್ತಾಗ್ಲಿಲ್ವಾ ಅಂತ ಕೇಳ್ತಿತ್ತು. ಇಬ್ಬರ ಬಾಯಿಗೂ ಒಂದೇ ಬೀಗ ಹಾಕಿದೆ. ನಿನ್ನ ಉಳಿಸಿದೆ ಅಂದ್ಕೊಂಡಿದ್ದೆ. ನಿನ್ನ ಬಟ್ಟಲು ಎಣಿಸೋ ಚಾಳಿ ಮಕ್ಕಳು ಬಂದು ಆಡ್ಕೊಂಡು ನಗ್ತಿದ್ವು. ನಗ್ತಿದ್ದೆ ನಾನೂ, ಏನ್ ಮಾಡ್ಲಿ."

ಇಕುಯೊ ಅತ್ತಳು. ಅಷ್ಟು ವರ್ಷ ಅಳದಿದ್ದವಳು ಊರೆಲ್ಲ ನೋಡುತ್ತಿರುವಾಗ ಆ ಕಂಬಳಿಯಲ್ಲಿ ಮುಖ ಹುದುಗಿಸಿ ಅತ್ತಳು. ಕೊಹಾನೆ ಒಂದು ಬಟ್ಟಲು ಸಾರು ತಂದು ಏನೂ ಕೇಳದೆ ಕೊಟ್ಟು ಹೋದಳು. ತಾಕೆನೊ ಅದನ್ನು ಅವಳ ಕೈಗೆ ತುರುಕಿದಳು.

"ಕುಡಿ. ಇದೂ ಆರಿಹೋಗುತ್ತೆ."

ಅವಳು ಬಟ್ಟಲನ್ನು ತುಟಿಗೆ ತಂದಳು. ಆಗ ಮೇಲೆ, ಕೊರಕಲಿನ ಕಡೆ, ದೊಪ್ ಎಂದಿತು.

ಜನ ತಲೆಯೆತ್ತಿದರು. ಗೊಹೆಯ ಮಗ ಮೇಲೆ ನೋಡಿ, ಎಣಿಕೆ ಆಗಿದೆಯಲ್ಲ, ನಮ್ಮೋರೆಲ್ಲ ಕೆಳಗಿದ್ದಾರೆ ಎಂದ. ಜನ ಮತ್ತೆ ಬಟ್ಟಲುಗಳ ಕಡೆ ಬಗ್ಗಿದರು. ತಾಕೆನೊವಿನ ಒಣಗಿದ ಬೆರಳುಗಳು ಇಕುಯೊವಿನ ಮಣಿಕಟ್ಟನ್ನು ಹಿಡಿದುಕೊಂಡವು.

"ಇನ್ನೊಂದು ಸಲ ಎಣಿಸೆ. ದನಿ ಕೇಳಬೇಡ. ಮುಖ ನೋಡು."

ಇಕುಯೊ ಬಟ್ಟಲನ್ನು ಹಿಮದ ಮೇಲೆ ಇಟ್ಟು ಎದ್ದಳು. ಒಬ್ಬೊಬ್ಬರ ಮುಂದೆ ಹೋಗಿ ನಿಂತು, ಮುಸುಕು ಸರಿಸಿ, ಕಣ್ಣಿಟ್ಟು ನೋಡಿ, ಭುಜ ಮುಟ್ಟಿ ಎಣಿಸತೊಡಗಿದಳು. ಯಾರೂ ನಗಲಿಲ್ಲ. ತೋಫು ಅಂಗಡಿಯ ಹುಡುಗನ ಭುಜ ಮುಟ್ಟಿ ಹನ್ನೊಂದು ಎಂದಳು. ಹಂಡೆಯ ಸುತ್ತಿನ ಗುಂಪಿನಲ್ಲಿ ಅವನ ಪಕ್ಕ ಕೊಹಾನೆ ನಿಂತಿದ್ದಳು, ಹಿಮದಲ್ಲಿ ಕೆಂಪಾದ ಕೆನ್ನೆ, ಹೆದರಿದ ಕಣ್ಣು. ಇಕುಯೊ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತನ್ನದೇ ದನಿಯಲ್ಲಿ, ಹನ್ನೆರಡು ಎಂದಳು.